ಬಲಗಡೆ ಬಿದ್ದ ಕಣಗಿಲೆ ಹೂವು

ಎಂಬತ್ತಮೂರನೇ ಇಸವಿಯ ಸಂಕ್ರಾಂತಿ ಕಳೆದು ನಾಲ್ಕೈದು ದಿನವಾಗಿತ್ತು. ನಮ್ಮಪ್ಪನ ಉಸಿರು ಇನ್ನೇನು ನಿಂತೇ ಹೋಯಿತು ಅನ್ನುವ ಹಾಗಾಯಿತು. ಅದಕ್ಕೆ ಅರ್ಧ ಕಾರಣ ಅವನ ಹಿಟ್ಟಿನ ಗಿರಣಿಯ ಧೂಳು, ಇನ್ನರ್ಧ ಕಾರಣ ನನ್ನ ಈಜು. ಉತ್ತರಹಳ್ಳಿ ದಾರಿಯ ನಮ್ಮ ಮನೆದೇವರು ಚೌಡಮ್ಮ ತಾಯಿ ಆಗ ನಮ್ಮನ್ನು ಹೇಗೆ ಕಾಪಾಡಿದಳು ಎಂಬುದನ್ನು ತಾಯಿಯ ಒಕ್ಕಲಾದ ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದು ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಬರೆಯಲು ಕೂತರೆ ಸುಸ್ತಾಗುತ್ತಿತ್ತು. ಇವತ್ತು ಹೇಗೋ ಕೂತಿದ್ದೇನೆ.

ನನ್ನ ಹೆಸರು ಲಲಿತ. ಊರು ಯಡಿಯೂರು, ಈಗ ಇಪ್ಪತ್ತಾರು ವರ್ಷ. ಹತ್ತು ವರ್ಷದ ಹಿಂದೆ ಪತ್ರಿಕೆಯ ಆಟದ ಪುಟ ನೋಡುತ್ತಿದ್ದವರಿಗೆ ರಬ್ಬರ್ ಟೋಪಿ ಹಾಕಿಕೊಂಡು ಪೆಚ್ಚಾಗಿ ನಗುತ್ತಿದ್ದ ಒಂದು ಹುಡುಗಿಯ ಫೋಟೋ ನೆನಪಿರಬಹುದು. ಅದು ನಾನೇ. ಬ್ಯಾಕ್‌ಸ್ಟ್ರೋಕ್, ಅಂದರೆ ನೀರಿನ ಮೇಲೆ ಅಂಗಾತ ಮಲಗಿ ಹಿಂದಕ್ಕೆ ಈಜುವುದು, ಅದರಲ್ಲಿ ನಾಲ್ಕು ವರ್ಷ ಇಡೀ ದೇಶಕ್ಕೇ ಮೊದಲು ಬಂದಿದ್ದೆ. ಒಮ್ಮೆ ದೇಶದ ತಂಡದ ಜೊತೆ ವಿಮಾನ ಹತ್ತಿ ಹೊರದೇಶಕ್ಕೂ ಹೋಗಿ ಬಂದೆ. ಅಲ್ಲಿ ಎಂಟು ಜನರಲ್ಲಿ ಎಂಟನೆಯವಳಾದೆ. ಅದನ್ನು ಪತ್ರಿಕೆಯವರು ಹಾಕಲಿಲ್ಲ, ಪುಣ್ಯ.

ನನಗೆ ಈಜು ಕಲಿಸಿದ್ದು ಅಪ್ಪ. ನಮಗೆ ಆಗ ಯಡಿಯೂರಿನ ಮಗ್ಗುಲಲ್ಲೇ ಹೊಲವಿತ್ತು, ಹೊಲದಲ್ಲೊಂದು ಇಳಿಬಾವಿ. ಆರು ವರ್ಷದವಳಿದ್ದಾಗ ಒಣಗಿದ ಸೋರೆಬುರುಡೆಯೊಂದನ್ನು ನನ್ನ ಬೆನ್ನಿಗೆ ಬಿಗಿದು ಬಾವಿಗೆ ದಬ್ಬಿದ. ಬುರುಡೆ ಮುಳುಗಲು ಬಿಡುವುದಿಲ್ಲ, ಕೈಕಾಲು ಬಡಿದರೆ ಸಾಕು. ಒಂದು ದಿನ ಬುರುಡೆ ಕಟ್ಟಿದಂತೆ ಮಾಡಿ ಕಟ್ಟದೆ ದಬ್ಬಿದ. ನಾನು ಈಜಿಕೊಂಡು ಮೆಟ್ಟಿಲು ಹತ್ತಿ ಬಂದಾಗ ಅವನ ಕಣ್ಣಲ್ಲಿ ನೀರು. ಆಮೇಲೆ ಹೊಲ ಬಡಾವಣೆಗೆ ಹೋಯಿತು, ಬಾವಿಗೆ ಮಣ್ಣು ತುಂಬಿದರು. ಅಪ್ಪ ಊರೊಳಗೆ ಹಿಟ್ಟಿನ ಗಿರಣಿ ಇಟ್ಟ. ಬಾವಿ ಹೋಯಿತಲ್ಲ ಎಂದು ನಾನು ಅಳುತ್ತಿದ್ದೆನಂತೆ. ಹತ್ತನೇ ವರ್ಷಕ್ಕೆ ಪಟ್ಟಣದ ಆಚೆ ಕಡೆಯಿದ್ದ ಈಜುಕೊಳಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಕೋಚ್ ಸಾರ್ ಮುಂದೆ ನಿಲ್ಲಿಸಿದ. "ಸಾರ್, ಇವ್ಳು ನೀರಲ್ಲಿದ್ರೆ ಸುಮ್ಕಿರ್ತಾಳೆ. ನೋಡಿ ಸ್ವಲ್ಪ," ಅಂದ. ಅಷ್ಟೇ ಅವನು ಕೇಳಿದ್ದು.

ಆಮೇಲಿನ ಹನ್ನೆರಡು ವರ್ಷ ನಮ್ಮ ಮನೆಯಲ್ಲಿ ಬೆಳಗಿನ ನಾಲ್ಕೂಕಾಲಕ್ಕೆ ಅಲಾರಂ ಹೊಡೆಯಿತು. ಅದಕ್ಕಿಂತ ಮುಂಚೆ ಅವ್ವ ಎದ್ದು ರಾಗಿ ಅಂಬಲಿ ಕಾಸುತ್ತಿದ್ದಳು. ಮೊದಲ ಬಸ್ಸಿಗೆ ಮಾರ್ಕೆಟ್ಟು, ಅಲ್ಲಿಂದ ಇನ್ನೊಂದು ಬಸ್ಸಿಗೆ ಈಜುಕೊಳ. ನಾನು ನೀರಿಗಿಳಿದರೆ ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು, ಮಡಿಲಲ್ಲಿ ನನ್ನ ಟವೆಲ್ ಇಟ್ಟುಕೊಂಡು ದಂಡೆಯ ಸಿಮೆಂಟ್ ಬೆಂಚಿನ ಮೇಲೆ ಕೂರುತ್ತಿದ್ದ. ಎಷ್ಟು ಒರೆಸಿಕೊಂಡರೂ ಅವನ ಕಿವಿಯ ಕೂದಲಲ್ಲಿ ಹಿಂದಿನ ದಿನದ ಹಿಟ್ಟು ಇದ್ದೇ ಇರುತ್ತಿತ್ತು. ಎರಡು ಗಂಟೆ ಈಜಿ, ವಾಪಸ್ ಎರಡು ಬಸ್ಸು ಹಿಡಿದು ಬಂದು, ಅವನು ಗಿರಣಿ ಬಾಗಿಲು ತೆಗೆಯುತ್ತಿದ್ದ, ನಾನು ಸ್ಕೂಲಿಗೆ ಓಡುತ್ತಿದ್ದೆ. ಸಂಜೆ ಮತ್ತೆ ಅದೇ. ನನ್ನ ಕೂದಲು ಕ್ಲೋರಿನ್ನಿಗೆ ತಾಮ್ರದ ಬಣ್ಣಕ್ಕೆ ತಿರುಗಿತು. ಬೀದಿಯ ಹುಡುಗರು ಕಪ್ಪೆ ಅಂದರು. ಹೆಣ್ಣುಮಗಳನ್ನು ಹಾಗೆ ಗಂಡಸರ ಮುಂದೆ ಇಳಿಸುತ್ತೀಯಲ್ಲ ಎಂದು ನಮ್ಮ ಅಜ್ಜಿ ಅಪ್ಪನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದಳು. ಹದಿಮೂರಕ್ಕೆ ರಾಜ್ಯದಲ್ಲಿ ಮೊದಲು ಬಂದೆ, ಹದಿನಾರಕ್ಕೆ ದೇಶದಲ್ಲಿ. ಆಮೇಲೆ ಅದೇ ಅಜ್ಜಿ ನನ್ನ ಮೆಡಲ್ಲನ್ನು ಸೆರಗಲ್ಲಿ ಗಂಟು ಹಾಕಿಕೊಂಡು ಬೀದಿಯೆಲ್ಲಾ ತೋರಿಸಿ ಬಂದಳು.

ಎಲ್ಲ ಚೆನ್ನಾಗಿಯೇ ಇತ್ತು ಅನ್ನಿ. ಹದಿನೆಂಟು ತುಂಬಿದ ಮೇಲೆ ನನಗೆ ಸಾಕಾಗತೊಡಗಿತು. ಯಾವುದೋ ಒಂದು ದಿನ ಆದದ್ದಲ್ಲ. ಭುಜ ನೋಯುತ್ತಿತ್ತು, ಆದರೆ ನೋವಿಗೆ ಹೆದರಿದವಳಲ್ಲ ನಾನು. ಆಕಾಶ ನೋಡಿಕೊಂಡು ಹಿಂದಕ್ಕೆ ಹೋಗುವುದು, ಗೋಡೆ ಹತ್ತಿರವಾಯಿತೆಂದು ತಿಳಿಸಲು ತಲೆಯ ಮೇಲೆ ಕಟ್ಟಿದ ಬಾವುಟಗಳು ಕಂಡಾಗ ಐದು ಸಲ ಕೈ ಬೀಸಿ ಎಣಿಸುವುದು, ಗೋಡೆಗೆ ಒದ್ದು ತಿರುಗುವುದು, ಮತ್ತೆ ಆಕಾಶ. ಇದನ್ನು ಬೆಳಿಗ್ಗೆ ನೂರು ಸಲ, ಸಂಜೆ ನೂರು ಸಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಹೋಗುತ್ತಿದ್ದೆ. ಸೋತಿದ್ದರೆ ಬಿಡುವುದಕ್ಕೆ ಒಂದು ನೆಪವಾದರೂ ಇರುತ್ತಿತ್ತು. ನಾನು ಗೆಲ್ಲುತ್ತಿದ್ದೆ. ಗೆಲ್ಲುತ್ತಿರುವವಳು ಸಾಕು ಅಂದರೆ ಯಾರು ಕೇಳುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಬೆಂಚಿನ ಮೇಲೆ ಅಪ್ಪ ಕೂತಿರುತ್ತಿದ್ದನಲ್ಲ! ಹೊಲ ಹೋಯಿತು, ಬಾವಿ ಹೋಯಿತು, ಇದ್ದದ್ದು ಇದೊಂದು. ಇದನ್ನೂ ಕಿತ್ತುಕೊಂಡರೆ ಅವನು ಕುಸಿದುಹೋಗುತ್ತಾನೆ ಎಂದು ನನ್ನ ಲೆಕ್ಕಾಚಾರ. ಬಾಯಿ ಮುಚ್ಚಿಕೊಂಡು ಈಜಿದೆ.

ಎಂಬತ್ತನೇ ಇಸವಿಯ ಕಾರ್ತಿಕದಲ್ಲಿ, ದೇಶದ ತಂಡದ ಆಯ್ಕೆ ಹತ್ತಿರ ಬಂದಾಗ, ಅವ್ವನೇ ಮಾತು ತೆಗೆದಳು. "ಸೆಲೆಕ್ಷನ್ ಬತ್ತಾ ಐತೆ ಅಂತೀರ. ತಾಯಿ ಹತ್ರ ಒಂದು ಹೂವಾದ್ರೂ ಕೇಳ್ಕಂಡು ಬರಬಾರ್ದಾ ಇಬ್ರೂ?"

ನಮ್ಮ ಗುಡಿಗೆ ಹೊಸದಾಗಿ ಬರುವವರಿಗೆ ಹೇಳಿಬಿಡುತ್ತೇನೆ. ತಾಯಿಯ ಎರಡೂ ಹೆಗಲಿಗೆ ಪೂಜಾರಪ್ಪ ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ಅಂಟಿಸುತ್ತಾನೆ. ಕೇಳುವವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ತಾಯಿ ಆಗಲಿ ಎಂದಂತೆ, ಎಡಗಡೆಯದು ಬಿದ್ದರೆ ಬೇಡ ಎಂದಂತೆ. ಕೇಳಿದ್ದು ಈಡೇರುವ ತನಕ ಅದನ್ನು ಯಾರ ಹತ್ತಿರವೂ ಬಾಯಿ ಬಿಡಬಾರದು.

ಆವತ್ತು ಶುಕ್ರವಾರ. ಬನಶಂಕರಿಯ ತನಕ ಒಂದು ಬಸ್ಸು, ಅಲ್ಲಿಂದ ಉತ್ತರಹಳ್ಳಿಗೆ ಇನ್ನೊಂದು, ಆಮೇಲೆ ರಾಗಿ ಹೊಲದ ಬದುವಿನ ಮೇಲೆ ನಡಿಗೆ. ಗುಡಿಯಲ್ಲಿ ನಾವಿಬ್ಬರೇ ಇದ್ದೆವು. ಪೂಜಾರಪ್ಪ ಹೂ ಅಂಟಿಸಿ ನಮ್ಮ ಕಡೆ ತಿರುಗಿದ.

"ಒಂದು ಹೂವಿಗೆ ಒಬ್ರೇ ಕೇಳ್ಬೇಕು. ಯಾರು ಕೇಳ್ತೀರ?"

ಅಪ್ಪ ನನ್ನ ಮುಖ ನೋಡಿದ. "ನೀನೇ ಕೇಳವ್ವ, ಈಜೋಳು ನೀನು."

"ಬೇಡಪ್ಪ, ದೊಡ್ಡೋನು ನೀನು. ನೀನೇ ಕೇಳು."

"ನೀನೇ ಕೇಳು ಅಂದ್ನಲ್ಲ."

"ಅಪ್ಪಾ, ನೀನೇ!"

ಪೂಜಾರಪ್ಪ ನಕ್ಕು ಗಂಟೆ ಬಾರಿಸಿಬಿಟ್ಟ. ನಾನು ಕಣ್ಣು ಮುಚ್ಚಿದೆ. ಅಪ್ಪ ಕೇಳುತ್ತಿದ್ದಾನೆ, ಮಗಳು ಇನ್ನೂ ಮೇಲಕ್ಕೆ ಹೋಗಲಿ ಎಂದು ಕೇಳುತ್ತಿದ್ದಾನೆ ಎಂದೇ ನನಗೆ ಖಾತ್ರಿ. ಕೇಳಬಾರದು, ಹೂವು ಅವನದು ಎಂದು ಗೊತ್ತಿತ್ತು. ಆದರೂ ತಡೆಯಲಾಗಲಿಲ್ಲ. ಒಳಗೊಳಗೇ ಕದ್ದು ಕೇಳಿಬಿಟ್ಟೆ: ತಾಯಿ, ನನಗೆ ಸಾಕಾಗಿದೆ, ನಿಲ್ಲಿಸಲಾ?

ಕಣ್ಣು ಬಿಡುವುದಕ್ಕೂ ಬಲಗಡೆಯ ಹೂವು ಪಟ್ಟನೆ ಜಾರಿ ತಾಯಿಯ ಪಾದದ ಹತ್ತಿರ ಬೀಳುವುದಕ್ಕೂ ಸರಿಹೋಯಿತು. ನನ್ನ ಎದೆಯ ಮೇಲಿಂದ ಕಲ್ಲು ಎತ್ತಿಟ್ಟ ಹಾಗಾಯಿತು. ನಗು ತಡೆಯಲಾಗದೆ ಅಪ್ಪನ ಕಡೆ ತಿರುಗಿದೆ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಮುಖವೆಲ್ಲಾ ಅರಳಿತ್ತು. ಅಷ್ಟು ಸಂತೋಷವಾಗಿದ್ದ ಅವನನ್ನು ನಾನು ಬಾವಿಯ ಮೆಟ್ಟಿಲ ಮೇಲೆ ಒಮ್ಮೆ ನೋಡಿದ್ದೆ, ಆಮೇಲೆ ನೋಡಿರಲಿಲ್ಲ. ನನ್ನ ನಗು ಅಲ್ಲೇ ನಿಂತುಹೋಯಿತು. ಹೂವು ಅವನಿಗೆ ಸಿಕ್ಕಿದೆ, ನನಗಲ್ಲ. ನಾನು ಕದ್ದು ಕೇಳಿದವಳು. ಬದುವಿನ ಮೇಲೆ ವಾಪಸ್ ಬರುವಾಗ ಅಪ್ಪ, "ಒಳ್ಳೇದಾಯ್ತು ಬಿಡು," ಅಂದ. ನಾನು, "ಹೂಂ," ಅಂದೆ. ಅಷ್ಟೇ ನಮ್ಮ ಮಾತು.

ಮಾರನೆಯ ಬೆಳಿಗ್ಗೆ ಅಲಾರಂ ಹೊಡೆದಾಗ ನಾನು ಏಳಲಿಲ್ಲ. ಹಾಸಿಗೆಯಲ್ಲೇ ಕಿವಿ ನೆಟ್ಟು ಮಲಗಿದ್ದೆ. ಅಪ್ಪ ಏಳದಿದ್ದರೆ ನಾನೂ ಏಳುವುದಿಲ್ಲ, ತಾಯಿ ನನ್ನ ಮಾತನ್ನೂ ಕೇಳಿಸಿಕೊಂಡಿದ್ದಾಳೆ ಎಂದು ತಿಳಿಯುತ್ತೇನೆ ಅಂದುಕೊಂಡೆ. ಅಡುಗೆಮನೆಯಲ್ಲಿ ಅವ್ವನ ಪಾತ್ರೆಯ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಒಂದು ನಿಮಿಷ ಹೋಯಿತು, ಎರಡು ನಿಮಿಷ ಹೋಯಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅಪ್ಪ ಕೆಮ್ಮಿದ. ಎದ್ದಿದ್ದಾನೆ, ನನ್ನನ್ನು ಎಬ್ಬಿಸಲು ಕೆಮ್ಮುತ್ತಿದ್ದಾನೆ ಎಂದು ಎದ್ದು ದೀಪ ಹಾಕಿದೆ. ಮರುಕ್ಷಣವೇ ಅವನೂ ಬಾಗಿಲಲ್ಲಿ ಕಾಣಿಸಿಕೊಂಡ, ತಲೆಗೆ ಮಂಕಿ ಕ್ಯಾಪ್ ಏರಿಸಿಕೊಂಡು. ಇಬ್ಬರೂ ಬಸ್ಸಿಗೆ ಹೋದೆವು.

ಮುಂದಿನ ಶುಕ್ರವಾರ ನಾನು ಕಾಲೇಜಿಗೆ ಚಕ್ಕರ್ ಹಾಕಿ ಒಬ್ಬಳೇ ಗುಡಿಗೆ ಹೋಗಿ, ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ಹುಂಡಿಗೆ ಹಾಕಿ ಬಂದೆ. ಅಪ್ಪನ ಹೂವಿನಲ್ಲಿ ನನ್ನದನ್ನು ಕೇಳಿದ್ದಕ್ಕೆ ಕ್ಷಮಿಸು ಎಂದು ಅಡ್ಡಬಿದ್ದೆ. ಪೂಜಾರಪ್ಪ ಏನಮ್ಮ ತಪ್ಪು ಎಂದು ಕೇಳಿದ. ಏನೋ ಇದೆ ಎಂದು ಹೇಳಿ ಬಂದೆ.

ಹಾಗೆ ಎರಡು ವರ್ಷ ಎರಡು ತಿಂಗಳು ನಡೆಯಿತು. ಈ ಮಧ್ಯೆ ಕ್ರೀಡಾ ಕೋಟಾದಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ನನಗೆ ಗುಮಾಸ್ತೆಯ ಕೆಲಸವಾಯಿತು. ಬೆಳಿಗ್ಗೆ ಈಜು, ಆಮೇಲೆ ಕಚೇರಿ, ಸಂಜೆ ಈಜು. ಮೇಜಿನ ಮೇಲೆ ತಲೆಯಿಟ್ಟು ಮಲಗಿದರೆ ಹೆಡ್ ಕ್ಲರ್ಕ್, "ಚಾಂಪಿಯನ್ನು ಮುಳುಗಿದ್ರು," ಎಂದು ನಗುತ್ತಿದ್ದರು. ಇನ್ನೊಮ್ಮೆ ದೇಶಕ್ಕೆ ಮೊದಲು ಬಂದೆ. ಆ ಮೆಡಲ್ಲು ಕೊರಳಿಗೆ ಬಿದ್ದಾಗ ನನ್ನ ತಲೆಯಲ್ಲಿದ್ದದ್ದು ಒಂದೇ, ನಾಳೆಯೂ ಏಳಬೇಕಲ್ಲಪ್ಪಾ ದೇವರೇ! ತಾಯಿಯ ಮೇಲೆ ನನಗೆ ಸಿಟ್ಟೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಗುಡಿಗೆ ಹೋಗುವುದನ್ನೇ ಬಿಟ್ಟಿದ್ದೆ.

ಅಪ್ಪನ ಕೆಮ್ಮು ನನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗಿರಣಿಯವನ ಕೆಮ್ಮು ಎಂದು ಸುಮ್ಮನಿದ್ದೆ. ಅವನು ಹೆಚ್ಚಾಗಿ ಕೆಮ್ಮುತ್ತಿದ್ದದ್ದು ಆ ಸಿಮೆಂಟ್ ಬೆಂಚಿನ ಮೇಲೆ, ಬೆಳಗಿನ ಇಬ್ಬನಿಯಲ್ಲಿ. ಅಂಗಾತ ಈಜುವಾಗ ಕಿವಿ ಎರಡೂ ನೀರಿನೊಳಗೆ ಇರುತ್ತವೆ. ಎರಡು ವರ್ಷ ಅವನು ನನ್ನಿಂದ ಹತ್ತು ಮಾರು ದೂರದಲ್ಲಿ ಕೂತು ಕೆಮ್ಮಿದ್ದಾನೆ, ನನಗೆ ಕೇಳಿಸಿಲ್ಲ. 

ಸಂಕ್ರಾಂತಿಯ ಆಚೆಗೆ ಚಳಿ ಜೋರಾಗಿತ್ತು. ಒಂದು ಮಂಗಳವಾರ ಬೆಳಿಗ್ಗೆ ನಾನು ಗೋಡೆ ಮುಟ್ಟಿ ತಲೆಯೆತ್ತಿದಾಗ ಬೆಂಚಿನ ಸುತ್ತ ಜನ ಸೇರಿದ್ದರು. ಅಪ್ಪ ಬಾಯಿ ಕಳೆದುಕೊಂಡು ಗಾಳಿಗೆ ಒದ್ದಾಡುತ್ತಿದ್ದ, ತುಟಿ ನೀಲಿಯಾಗಿತ್ತು, ನನ್ನ ಟವೆಲ್ ಮಾತ್ರ ಬಿಗಿಯಾಗಿ ಹಿಡಿದುಕೊಂಡಿದ್ದ. ಕೋಚ್ ಸಾರ್ ಆಟೋ ತರಿಸಿದರು. ಒದ್ದೆ ಕಾಸ್ಟ್ಯೂಮಿನ ಮೇಲೆ ಹಾಗೇ ಲಂಗ ರವಿಕೆ ಎಳೆದುಕೊಂಡು ಅಪ್ಪ ಏದುಸಿರಿನಲ್ಲೇ ಹೆಸರು ಹೇಳಿದ ಜಯನಗರದ ಒಂದು ಆಸ್ಪತ್ರೆಗೆ ಸೇರಿಸಿದೆ. ಅಲ್ಲಿನ ಡಾಕ್ಟರೊಬ್ಬರು ಮೊದಲಿಂದಲೂ ಅವನನ್ನು ನೋಡುತ್ತಿದ್ದರಂತೆ, ನನಗೇ ಗೊತ್ತಿಲ್ಲ!

ಡಾಕ್ಟರು ನನ್ನನ್ನು ಹೊರಗೆ ಕರೆದು ರೇಗಿದರು. "ಎರಡು ವರ್ಷದ ಹಿಂದೇನೇ ಹೇಳಿದ್ದೆ ನಿಮ್ಮ ತಂದೆಗೆ. ಹಿಟ್ಟಿನ ಧೂಳೂ ಬೇಕು, ಬೆಳಗಿನ ಚಳೀನೂ ಬೇಕು ಅಂದ್ರೆ ಆ ಶ್ವಾಸಕೋಶ ಉಳಿಯಲ್ಲ ಅಂತ. ಮಿಲ್ಲು ಬಿಡಕ್ಕಾಗಲ್ಲ ಅಂದ್ರು, ಸರಿ, ಬೆಳಿಗ್ಗೆ ಹೊತ್ತು ಹೊರಗೆ ಹೋಗ್ಬೇಡಿ ಅಂದೆ. ಯಾರು ಕಳಿಸ್ತಿದ್ದಿದ್ದು ಇವರನ್ನ?"

ನನ್ನ ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. 

ಗುರುವಾರ ನ್ಯುಮೋನಿಯಾ ಕೂಡ ಇದೆ ಅಂದರು. ಆಕ್ಸಿಜನ್ ಸಿಲಿಂಡರ್ ಇಟ್ಟರು. ಅಪ್ಪನ ಪಕ್ಕೆಗಳು ಏಳುವುದು, ಕುಸಿಯುವುದು, ಒಂದೊಂದು ಉಸಿರಿಗೂ ನಾನು ಎಣಿಸುತ್ತಿದ್ದೆ. ಸಂಬಂಧಿಕರಿಗೆ ಹೇಳಿ ಕಳಿಸುವುದಾದರೆ ಕಳಿಸಿ ಎಂದು ನರ್ಸ್ ಅವ್ವನ ಹತ್ತಿರ ಮೆಲ್ಲಗೆ ಅಂದರಂತೆ. ಅವ್ವ ನನಗೆ ಹೇಳದೆ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಶುಕ್ರವಾರ ಮಧ್ಯಾಹ್ನ ಅವ್ವನನ್ನು ಅವನ ಹತ್ತಿರ ಬಿಟ್ಟು ನಾನು ಬಸ್ಸು ಹತ್ತಿದೆ. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದಾಗಲೇ ನನಗೂ ಗೊತ್ತಾದದ್ದು. ಉತ್ತರಹಳ್ಳಿ ಅಂದೆ. ಗುಡಿಯಲ್ಲಿ ಪೂಜಾರಪ್ಪ ಒಬ್ಬನೇ ಹಿತ್ತಾಳೆಯ ದೀಪ ಉಜ್ಜುತ್ತಿದ್ದ. ನಾನು ಕೈ ಮುಗಿಯಲೂ ಇಲ್ಲ, ನೆಟ್ಟಗೆ ಹೋಗಿ ತಾಯಿಯ ಮುಂದೆ ನಿಂತೆ.

ಹರಕೆ ಕಟ್ಟಿಕೊಳ್ಳೋಣ ಎಂದು ಬಾಯಿ ತೆಗೆದೆ. ಅಪ್ಪನ್ನ ಉಳಿಸು ತಾಯಿ, ನನಗೆ ಪ್ರಾಣವಾದ ಈಜನ್ನ ನಿನಗೆ ಒಪ್ಪಿಸಿಬಿಡ್ತೀನಿ ಅಂತ ಹೇಳಬೇಕು. ಅರ್ಧಕ್ಕೇ ನಾಚಿಕೆಯಾಯಿತು. ಯಾವುದು ಪ್ರಾಣ? ಯಾವಾಗ ತೊಲಗುತ್ತದೋ ಎಂದು ಮೂರು ವರ್ಷದಿಂದ ಕಾಯುತ್ತಿರುವುದನ್ನು ತಾಯಿಗೆ ಕಾಣಿಕೆ ಎಂದು ಕೊಡುವುದೇ? ಎಂಜಲನ್ನು ನೈವೇದ್ಯಕ್ಕಿಟ್ಟ ಹಾಗೆ. ಆಸ್ಪತ್ರೆಯಲ್ಲಿ ಅಪ್ಪ ಹಾಗೆ ಮಲಗಿರುವಾಗಲೂ ಮೋಸದ ಮಾತೇ ನನ್ನ ಬಾಯಿಗೆ ಬಂತಲ್ಲ ಎಂದು ಅಳು ಕಿತ್ತುಕೊಂಡು ಬಂತು.

"ನನಗೆ ಸಾಕಾಗಿದೆ ತಾಯಿ!" ಎಂದು ಕೂಗಿಬಿಟ್ಟೆ. "ಎಷ್ಟೋ ದಿನದಿಂದ ಸಾಕಾಗಿದೆ. ಅಪ್ಪ ನೊಂದ್ಕೋತಾನೆ ಅಂತ ಸುಮ್ನಿದ್ದೆ. ಈಗ ಅವನೇ ಹೋಗ್ತಿದ್ದಾನೆ. ಕೊಡಕ್ಕೆ ನನ್ನ ಹತ್ರ ಏನೂ ಇಲ್ಲ. ಅವನ ಉಸಿರು ಕೊಡು ಅಷ್ಟೇ."

ಜೋರಾಗಿ, ಬಾಯಿಬಿಟ್ಟು, ಆ ಮಾತನ್ನು ನಾನು ಆಡಿದ್ದು ಅದೇ ಮೊದಲು. ಅಲ್ಲೇ ನೆಲದ ಮೇಲೆ ಕೂತೆ. ಪೂಜಾರಪ್ಪ ದೀಪ ಕೆಳಗಿಟ್ಟು ಹತ್ತಿರ ಬಂದ. ತಂಬಿಗೆಯಲ್ಲಿ ನೀರು ಕೊಟ್ಟ.

"ಯಾರಿಗೆ ಏನಾಯ್ತವ್ವ?"

ಹೇಳಿದೆ. ಅವನು ತಲೆ ಕೆರೆದುಕೊಂಡ. "ಅಲ್ಲಾ, ಆವತ್ತು ಬಲಗಡೆ ಹೂ ಆಯ್ತಲ್ಲ. ಕೇಳಿದ್ದು ಯಾರು, ನೀನಾ ನಿಮ್ಮಪ್ಪನಾ?"

"ಅಪ್ಪ. ನಾನೂ ಕದ್ದು ಕೇಳ್ದೆ. ಅದಕ್ಕೇ ಆಮೇಲೆ ಬಂದು ತಪ್ಪುಕಾಣಿಕೆ ಹಾಕಿದ್ದು."

"ಅದೇನವ್ವ ನಿಮ್ಮ ಮನೇದು!" ಅಂದ ಪೂಜಾರಪ್ಪ. "ನೀನು ಬಂದು ಹೋದ ಮೂರು ದಿವಸಕ್ಕೆ ನಿಮ್ಮಪ್ಪನೂ ಒಬ್ನೇ ಬಂದಿದ್ದ. ಅವನೂ ತಪ್ಪುಕಾಣಿಕೆ ಹಾಕ್ದ. ಮಗಳು ಕೇಳೋ ಹೂವಲ್ಲಿ ನಂದೂ ಒಂದು ಕೇಳ್ಬಿಟ್ಟೆ, ತಾಯಿ ಮನ್ನಿಸ್ಬೇಕು ಅಂತ ಇದೇ ಜಾಗದಲ್ಲಿ ಅತ್ತ."

ನನಗೆ ಅರ್ಥವಾಗಲಿಲ್ಲ. ಏನು ಕೇಳಿದ್ದನಂತೆ ಎಂದೆ.

"ಅದನ್ನ ನಾನು ಕೇಳಂಗಿಲ್ಲ, ಅವನು ಹೇಳಂಗಿಲ್ಲ. ಹೋಗಿ ಅವನನ್ನೇ ಕೇಳು. ಹೇಳಕ್ಕೆ ಉಸಿರು ತಾಯಿ ಕೊಡ್ತಾಳೆ," ಎಂದು ತಾಯಿಯ ಮುಂದಿನ ಅರಿಶಿನದ ಬಂಡಾರ ಕಟ್ಟಿಕೊಟ್ಟ.

ಸಂಜೆ ಆಸ್ಪತ್ರೆಗೆ ಬರುವಷ್ಟರಲ್ಲಿ ಅಪ್ಪನ ಮೈ ಬೆವೆತು ಜ್ವರ ಇಳಿಯುತ್ತಿತ್ತು. ಡಾಕ್ಟರ ಔಷಧಿ ಹಿಡಿಯಿತು ಎನ್ನುವವರು ಅನ್ನಲಿ. ಹಿಡಿಯಿತು, ಆ ಡಾಕ್ಟರಿಗೆ ನಾನು ಈಗಲೂ ಕೈ ಮುಗಿಯುತ್ತೇನೆ. ಗುರುವಾರದವರೆಗೆ ಹಿಡಿಯದ ಔಷಧಿ ಶುಕ್ರವಾರ ಮಧ್ಯಾಹ್ನ ಹಿಡಿಯಿತು ಎಂದು ಮಾತ್ರ ನಾನು ಹೇಳಬಲ್ಲೆ. ಬಂಡಾರವನ್ನು ಅವನ ಹಣೆಗೆ ಹಚ್ಚಿದೆ.

ಭಾನುವಾರಕ್ಕೆ ಆಕ್ಸಿಜನ್ ತೆಗೆದರು. ಸೋಮವಾರ ಬೆಳಗಿನ ಜಾವ ನಾನು ಅವನ ಮಂಚದ ಪಕ್ಕ ಚಾಪೆಯ ಮೇಲೆ ಮಲಗಿದ್ದೆ. ನಾಲ್ಕೂಕಾಲಕ್ಕೆ ಸರಿಯಾಗಿ ಎಚ್ಚರವಾಯಿತು. ಅಲಾರಂ ಇಲ್ಲದಿದ್ದರೂ ಆಗುತ್ತದೆ. ನೋಡಿದರೆ ಅವನೂ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದಾನೆ.

"ಹೊತ್ತಾಯ್ತು, ಬಸ್ಸು ತಪ್ಪೋಯ್ತದೆ. ಅವ್ವನ್ನ ಕರ್ಕಂಡು ಹೋಗು ಇವತ್ತು," ಅಂದ. ಮಾತು ಇನ್ನೂ ತುಂಡುತುಂಡಾಗಿ ಬರುತ್ತಿತ್ತು.

"ನಾನು ಹೋಗಲ್ಲ."

"ಸೆಲೆಕ್ಷನ್ನು..."

"ಹಾಳಾಗಿ ಹೋಗ್ಲಿ ಸೆಲೆಕ್ಷನ್ನು! ಡಾಕ್ಟ್ರು ಎರಡು ವರ್ಷದ ಹಿಂದೆ ಹೇಳಿದ್ರಂತೆ. ಯಾಕಪ್ಪ ನನಗೆ ಹೇಳ್ಲಿಲ್ಲ?"

ಅವನು ಮುಖ ಆ ಕಡೆ ತಿರುಗಿಸಿದ. "ಹೆಂಗೆ ಹೇಳ್ಲಿ? ತಾಯಿ ನಿಂಗೆ ಹೂ ಕೊಟ್ಟವಳೆ. ನಾನು ಅಡ್ಡ ಬರಕ್ಕಾಯ್ತದಾ?"

"ನನಗೆಲ್ಲಿ ಕೊಟ್ಲು? ಕೇಳಿದ್ದು ನೀನು!"

"ನಾನೆಲ್ಲಿ? ನೀನೇ ಕೇಳು ಅಂತ ನಿಂಗೇ ಹೇಳ್ನಿಲ್ವಾ?"

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆಮೇಲೆ ನಾನು ಮೆಲ್ಲಗೆ, "ಹಾಗಾದ್ರೆ ತಪ್ಪುಕಾಣಿಕೆ ಯಾಕೆ ಹಾಕಿ ಬಂದೆ?" ಎಂದೆ. ಪೂಜಾರಪ್ಪ ಹೇಳಿಬಿಟ್ಟನಾ ಎಂದು ಗೊಣಗಿದ. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. ಅವನ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ.

"ನಂಗೆ ಆಗ್ತಾ ಇರ್ಲಿಲ್ಲ ಕಣವ್ವ. ಡಾಕ್ಟ್ರು ಹೇಳಿ ಒಂದು ವಾರ ಆಗಿತ್ತು. ಬೆಳಿಗ್ಗೆ ಏಳೋದೇ ಬೇಡ ಅನ್ನಿಸ್ತಿತ್ತು. ಒಂದೇ ಒಂದು ದಿವಸ ಬೆಳಕಾಗೋತಂಕ ಮಲಗಬೇಕು ಅಂತ ಆಸೆ. ಅದನ್ನೇ ಕೇಳ್ದೆ. ತಾಯಿ, ನಾನು ನಿಲ್ಲಿಸ್ಬಿಡ್ಲಾ ಅಂತ. ಬಲಗಡೆ ಬಿತ್ತು. ಸದ್ಯ ಗೆದ್ದೆ ಅಂತ ಕಣ್ಣಲ್ಲಿ ನೀರು ಬಂತು. ತಿರುಗಿ ನೋಡಿದ್ರೆ ನೀನು ನಗ್ತಾ ಇದ್ದೀಯ. ಓಹೋ, ಮಗಳಿಗೆ ಈಜು ಬೇಕು ಅಂತ ತಾಯಿ ಹೂ ಕೊಟ್ಟವಳೆ, ನಾನು ಮಧ್ಯೆ ಕದ್ದು ಕೇಳಿರೋನು ಅಂದ್ಕೊಂಡೆ. ಆದ್ರೂ ಮಾರನೇ ದಿವಸ ಏಳ್ಲಿಲ್ಲ, ನೀನು ಏಳ್ತೀಯಾ ಇಲ್ವಾ ಅಂತ ಕಾಯ್ತಿದ್ದೆ. ಕೆಮ್ಮು ಬಂದ್ಬುಡ್ತು. ನೋಡಿದ್ರೆ ನೀನು ದೀಪ ಹಾಕ್ದೆ."

ಭಕ್ತರೇ, ನಾನು ಏನು ಕೇಳಿದ್ದೆ ಎಂದು ಆಗ ಅವನಿಗೆ ಹೇಳಿದೆ. ಅವನು ನನ್ನನ್ನು ಪಿಳಿಪಿಳಿ ನೋಡಿ, ನಗಲು ಹೋಗಿ ಕೆಮ್ಮಿ, ಕೆಮ್ಮುತ್ತಲೇ ನಕ್ಕ. ನಾನು ಅವನ ಎದೆ ನೀವುತ್ತಾ ಅಳುತ್ತಿದ್ದೆ, ನಗುತ್ತಲೂ ಇದ್ದೆ. ನರ್ಸ್ ಓಡಿ ಬಂದು ಇಬ್ಬರಿಗೂ ಬೈದರು. ಎರಡು ವರ್ಷ, ಮಳೆ ಚಳಿ ಎನ್ನದೆ, ನಿಲ್ಲಿಸಲು ತಾಯಿಯ ಅಪ್ಪಣೆ ಪಡೆದ ಇಬ್ಬರು ಒಬ್ಬರನ್ನೊಬ್ಬರು ಎಳೆದುಕೊಂಡು ಮೊದಲ ಬಸ್ಸಿಗೆ ಹೋಗುತ್ತಿದ್ದೆವಲ್ಲ, ಯಾರಿಗೆ ಹೇಳೋಣ ಇದನ್ನ!

ಬೆಳಕಾದ ಮೇಲೆ ಅವ್ವ ಗಂಜಿಯ ಜೊತೆ ಬಂದಳು. ಅವಳಿಗೂ ಹೇಳಿದೆವು. ಅವಳು ನಗಲಿಲ್ಲ. ಡಬ್ಬಿಯನ್ನು ಟಣ್ ಎಂದು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು.

"ಹನ್ನೆರಡು ವರ್ಷ ನಿಮ್ಮಿಬ್ರಿಗಿಂತ ಮೊದ್ಲು ಎದ್ದು ಅಂಬ್ಲಿ ಕಾಸಿವ್ನಿ. ನಂಗೆ ಸಾಕಾಯ್ತಾ ಅಂತ ಒಬ್ರಾದ್ರೂ ಒಂದು ಮಾತು ಕೇಳಿದ್ರಾ? ನಾನು ಹೂವನ್ನೂ ಕೇಳ್ನಿಲ್ಲ. ನಂಗೇನು ಬಾಯಿಲ್ಲ ಅಂದ್ಕೊಂಡ್ರಾ?" ಆಮೇಲೆ ಮಂಚದ ತುದಿಯಲ್ಲಿ ಕುಸಿದು ಕೂತು, ಅಪ್ಪನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿಬಿಕ್ಕಿ ಅತ್ತಳು.  

ಅಪ್ಪ ಹದಿನಾಲ್ಕನೇ ದಿನ ಮನೆಗೆ ಬಂದ. ನಾನು ಕೋಚ್ ಸಾರ್ ಹತ್ತಿರ ಹೋಗಿ ಲಾಕರ್ ಕೀ ಕೊಟ್ಟೆ. ಅವರು ಕೀ ಜೇಬಿಗೆ ಹಾಕಿಕೊಂಡರು. "ಇನ್ನೂ ಎರಡು ವರ್ಷ ಇತ್ತಲ್ಲಮ್ಮಾ ನಿನ್ನಲ್ಲಿ," ಅಂದರು.

"ಇತ್ತು ಸಾರ್," ಎಂದೆ. ಅವರು ಒಳ್ಳೆಯವರು, ಮತ್ತೆ ಒತ್ತಾಯ ಮಾಡಲಿಲ್ಲ.

ಆ ವಾರವೇ ಮೂವರೂ ಗುಡಿಗೆ ಹೋದೆವು. ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ, ಬದುವಿನ ಮೇಲೆ ಎರಡು ಕಡೆ ಹೆಗಲು ಕೊಟ್ಟು ನಡೆಸಿದೆವು. ಪೂಜಾರಪ್ಪ ಹೂವು ಅದ್ದಲು ಹೋದ. ಅಪ್ಪ ತಡೆದ. "ಬೇಡ ಬಿಡಪ್ಪ. ಕೊಟ್ಟಿರೋದನ್ನೇ ಇನ್ನೂ ತಗೊಂಡಿಲ್ಲ ನಾವು," ಅಂದ. ತಾಯಿಗೆ ಒಂದು ಮಂಕರಿ ಕಣಗಿಲೆ ಅರ್ಪಿಸಿ ಬಂದೆವು. ಎರಡು ವರ್ಷ ಅವಳ ಮೇಲೆ ಮುನಿಸಿಕೊಂಡಿದ್ದೆನಲ್ಲ, ಕೆನ್ನೆ ಬಡಿದುಕೊಂಡು ಕ್ಷಮೆ ಕೇಳಿದೆ. ಅವಳು ಕೇಳಿದ ದಿನವೇ ಕೊಟ್ಟಿದ್ದಳು, ಇಬ್ಬರಿಗೂ ಒಂದೇ ಸಲಕ್ಕೆ ಕೊಟ್ಟಿದ್ದಳು. ಗುಡಿ ದಾಟಿ ಬಂದ ಮೇಲೆ ಒಂದು ಮಾತು ಆಡಿಕೊಂಡಿದ್ದರೆ ಸಾಕಿತ್ತು. ನೀವು ಯಾರಾದರೂ ಹೂವು ಕೇಳಲು ಹೋದರೆ, ಕೇಳಿದ್ದನ್ನು ಗುಟ್ಟಾಗಿಡಿ ಎಂದು ಪೂಜಾರಪ್ಪ ಹೇಳುತ್ತಾನೆ. ಹೇಳಲಿ. ಮನೆಯವರಿಗಾದರೂ ಹೇಳಿ. ತಾಯಿ ಅದಕ್ಕೆಲ್ಲ ಮುನಿಯುವವಳಲ್ಲ ಎಂದು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಈಗ ಗಿರಣಿಯ ಒಳಗೆ ನಮ್ಮ ಚಿಕ್ಕಪ್ಪ ನಿಲ್ಲುತ್ತಾನೆ. ಅಪ್ಪ ಹೊರಗೆ ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಂಡು ಕೂತು, ಬಂದವರ ಡಬ್ಬಗಳನ್ನು ಸಾಲಾಗಿ ಜೋಡಿಸುತ್ತಾನೆ, ಬಂದವರಿಗೆಲ್ಲಾ ನನ್ನ ಹಳೇ ಮೆಡಲ್ಲುಗಳ ಕತೆ ಹೇಳುತ್ತಾನೆ. ನಾನು ಕಚೇರಿಗೆ ಹೋಗಿ ಬರುತ್ತೇನೆ. ಭಾನುವಾರ ಬಿಸಿಲೇರಿದ ಮೇಲೆ ಮನಸ್ಸಾದರೆ ಈಜುಕೊಳಕ್ಕೆ ಹೋಗಿ ಸುಮ್ಮನೆ ನೀರಿನ ಮೇಲೆ ತೇಲುತ್ತೇನೆ, ಎಣಿಸುವುದಿಲ್ಲ. ಅಲಾರಂ ಗಡಿಯಾರವನ್ನು ಅವ್ವ ಯಾವಾಗಲೋ ಯಾರಿಗೋ ಕೊಟ್ಟುಬಿಟ್ಟಳು.

ಆದರೂ ನಾಲ್ಕೂಕಾಲಕ್ಕೆ ಎಚ್ಚರವಾಗುವುದು ತಪ್ಪಿಲ್ಲ. ಕಣ್ಣು ಬಿಟ್ಟವಳು ಮಿಸುಕದೆ ಕಿವಿಗೊಟ್ಟು ಮಲಗಿರುತ್ತೇನೆ. ಪಕ್ಕದ ಕೋಣೆಯಿಂದ ಅಪ್ಪನ ಗೊರಕೆ ಕೇಳಿಸುತ್ತದೆ, ಒಂದೇ ಸಮನೆ, ಕೆಮ್ಮಿಲ್ಲದೆ. ಚೌಡಮ್ಮಾ ಎಂದು ಮನಸ್ಸಿನಲ್ಲೇ ಕೈ ಮುಗಿದು, ಮಗ್ಗುಲು ಬದಲಾಯಿಸಿ ಮತ್ತೆ ನಿದ್ದೆ ಹೋಗುತ್ತೇನೆ.